ದೇವಪ್ಪನ ತಣ್ಣನೆಯ ಕಾರು

ಶಿರಾಲಿಯಲ್ಲಿ ಬಾಡಿಗೆ ಕಾರು ಓಡಿಸುವ ದೇವಪ್ಪನಿಗೆ ಲೋಕದಲ್ಲಿ ಒಬ್ಬನೇ ಶತ್ರು: ಉಷ್ಣ. ಕಣ್ಣು ಕೆಂಪಾದರೆ ಉಷ್ಣ, ಬಾಯಲ್ಲಿ ಹುಣ್ಣೆದ್ದರೆ ಉಷ್ಣ, ಹೆಂಡತಿ ಸುಚಿತಾ ಸಿಟ್ಟಾದರೆ ಅದೂ ಉಷ್ಣವೇ. ಎಳನೀರು ಕುಡಿದು, ನೆತ್ತಿಗೆ ಅಂಗೈ ತುಂಬ ಕೊಬ್ಬರಿ ಎಣ್ಣೆ ತಟ್ಟಿಕೊಳ್ಳದೆ ಸ್ಟೀರಿಂಗ್ ಮುಟ್ಟಿದವನಲ್ಲ. ಇಂಥವನ ಕಾರು ಬಿಸಿಯಾದೀತೇ? ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ವರ್ಷಗಟ್ಟಲೆ ತಳದಲ್ಲೇ ಮಲಗಿತ್ತು. ಸ್ಟ್ಯಾಂಡಿಗೆ ಯಾರೇ ಬರಲಿ, ಕೈಹಿಡಿದು ಕರೆತಂದು ತೋರಿಸುತ್ತಿದ್ದ.

"ಮುಳ್ಳು ಏಳ್ಬಾರ್ದು. ಎದ್ದಿತು ಅಂದ್ರೆ ಆ ಗಾಡಿ ಕತೆ ಮುಗೀತು."

ಹಾಗೆಂದು ಕಾರಿಗೆ ದುರ್ಗುಣ ಇರಲಿಲ್ಲವೆಂದಲ್ಲ. ಮಳೆಗಾಲದಲ್ಲಿ ಗಾಜು ಮಂಜಾಗಿ ಹೀಟರ್ ಹಾಕಿದರೆ ತಣ್ಣನೆಯ ಗಾಳಿಯೇ ಬರುತ್ತಿತ್ತು. ಮುಂದೆ ಕೂತ ಗಿರಾಕಿಯ ಕೈಗೆ ದೇವಪ್ಪ ಒಂದು ಪಂಚೆ ಕೊಟ್ಟು ಒರೆಸಲು ಹಚ್ಚುತ್ತಿದ್ದ. ಪೆಟ್ರೋಲನ್ನಂತೂ ಅದು ಗಟಗಟ ಕುಡಿಯುತ್ತಿತ್ತು.

"ನೀವು ದುಡಿಯೂದೆಲ್ಲ ಅದ್ರ ಹೊಟ್ಟೆಗೇ ಆಯ್ತು. ಕೊಟ್ಬಿಡಿ," ಎಂದಳು ಸುಚಿತಾ. ಅವಳನ್ನು ಮದುವೆಯಾಗಿ ಮನೆ ತುಂಬಿಸಿಕೊಂಡದ್ದೂ ಅದೇ ಕಾರಿನಲ್ಲಿ. ಅದನ್ನು ನೆನಪಿಸಿದರೂ ಅವಳು ಕರಗಲಿಲ್ಲ. ಕೊನೆಗೆ ಕುಮಟೆಯ ಉಮೇಶ ಕೊಳ್ಳಲು ಮುಂದೆ ಬಂದ. ಅವನು ಮನಸೋತದ್ದು ಮಲಗಿದ ಆ ಮುಳ್ಳಿಗೇ. ಭಾನುವಾರ ಬಂದು ಒಯ್ಯುವುದೆಂದು ಮಾತಾಯಿತು. ಅಂದಿನಿಂದ ದೇವಪ್ಪ ದಿನಕ್ಕೆ ಎರಡೆರಡು ಸಲ ಕಾರು ಒರೆಸತೊಡಗಿದ.

ಕೊಡುವ ಮುಂಚೆ ಆಯಿಲ್ಲಾದರೂ ಬದಲಿಸೋಣವೆಂದು ಹೊನ್ನಾವರದ ರಾಜೇಶನ ಗ್ಯಾರೇಜಿಗೆ ಒಯ್ದ. ರಾಜೇಶ ಬಾನೆಟ್ ಎತ್ತಿ ಎಂಜಿನ್ ಮುಟ್ಟಿ ನೋಡಿ ಹುಬ್ಬೇರಿಸಿದ.

"ದೇವಪ್ಪಣ್ಣ, ಶಿರಾಲಿಂದ ಓಡಿಸ್ಕಂಡು ಬಂದ್ರಾ, ತಳ್ಕಂಡು ಬಂದ್ರಾ?"

"ನನ್ ಗಾಡಿ ಯಾವಾಗ್ಲೂ ತಂಪು," ಎಂದು ದೇವಪ್ಪ ಬೀಗಿದ.

ರಾಜೇಶ ಬೀಗಲಿಲ್ಲ. ಮುಳ್ಳೇ ಸುಳ್ಳು ಹೇಳುತ್ತಿರಬಹುದೆಂದು ಬೇರೆ ಮೀಟರ್ ಹಚ್ಚಿ ನೋಡಿದ; ಮುಳ್ಳು ಹೇಳಿದ್ದು ನಿಜವೇ. ಎಂಜಿನ್ ಪೂರ್ತಿ ಆರಲು ಬಿಟ್ಟು, ಮತ್ತೆ ಚಾಲೂ ಮಾಡಿ, ರೇಡಿಯೇಟರಿಗೆ ಹೋಗುವ ಪೈಪಿನ ಮೇಲೆ ಕೈಯಿಟ್ಟು ನಿಂತ.

"ಎಂಜಿನ್ ಕಾಯೂವರೆಗೆ ಈ ಪೈಪು ತಣ್ಣಗಿರ್ಬೇಕು. ನೀರು ತಡ್ದು ನಿಲ್ಸೂಕೆ ಒಳಗೊಂದು ವಾಲ್ವ್ ಇರ್ತದೆ, ಕಾದ ಮೇಲೇ ಬಾಗ್ಲು ತೆಗೀತದೆ. ಇಲ್ಲಿ ಈಗ್ಲೇ ಬೆಚ್ಚಗಾಗ್ತಾ ಬಂತು."

ಬಿಚ್ಚಿ ನೋಡಿದರೆ ವಾಲ್ವ್ ಇರಬೇಕಾದ ಜಾಗ ಖಾಲಿ.

"ಎಲ್ಲಿ ಹೋಯ್ತು ಇದು?"

ದೇವಪ್ಪ ತಲೆ ಕೆರೆದುಕೊಂಡ. ಹಿಂದೊಮ್ಮೆ ಯಾಣದ ಏರಿನಲ್ಲಿ ಗಾಡಿ ಕುದಿದಾಗ, ಉಷ್ಣಕ್ಕೆಲ್ಲ ಆ ವಾಲ್ವೇ ಮೂಲವೆಂದು ತಾನೇ ಹಟ ಹಿಡಿದು ಕೀಳಿಸಿ ಎಸೆದಿದ್ದ.

"ಒಲೆ ಹಚ್ಚಿಟ್ಟು ಹಂಡೆಗೆ ತಣ್ಣೀರು ಬಿಡ್ತಾ ಕೂತ ಹಾಗಾಯ್ತು," ಎಂದ ರಾಜೇಶ. "ಕಾಯೂದು ಯಾವಾಗ? ಅದ್ಕೇ ಅಷ್ಟು ಪೆಟ್ರೋಲ್ ಕುಡೂದು."

ಹೊಸ ವಾಲ್ವ್ ಕೂತಿತು. ಮುಳ್ಳು ಮೆಲ್ಲಗೆ ಎದ್ದು ನಡುವೆ ಬಂದು ನಿಂತಿತು. ಮನೆಯ ದಾರಿಯುದ್ದಕ್ಕೂ ದೇವಪ್ಪನ ಕಣ್ಣು ಆ ಮುಳ್ಳಿನ ಮೇಲೇ ಇತ್ತು, ಆದರೆ ಎಲ್ಲೂ ಏನೂ ಕುದಿಯಲಿಲ್ಲ. ಹೀಟರ್ ಬಿಸಿಗಾಳಿ ಊದಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಪೆಟ್ರೋಲ್ ಉಳಿಯುವುದು ಕಂಡು ಸುಚಿತಾಳೂ ಮೆತ್ತಗಾದಳು.

"ಕೊಡೂದು ಬೇಡಾಗಿತ್ತು," ಎಂದಳು.

"ಮಾತು ಕೊಟ್ಟಾಗಿದೆ," ಎಂದ ದೇವಪ್ಪ. ಆಡಿದ ಮಾತನ್ನು ನುಂಗುವ ಜಾಯಮಾನ ಅವನದಲ್ಲ. ಆದರೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಭಾನುವಾರ ಉಮೇಶ ಬಂದ. ಹೆದ್ದಾರಿಯಲ್ಲಿ ಒಂದು ಸುತ್ತು ಹೊಡೆದು ತಿರುಗಿ ಬರುವಷ್ಟರಲ್ಲಿ ಅವನ ಮುಖ ಬಿಳಿಚಿತ್ತು.

"ದೇವಪ್ಪಣ್ಣ, ಮುಳ್ಳು ಎದ್ದಿದ್ಯಲ್ಲ!"

ಸುಮ್ಮನಿದ್ದರೆ ಕಾರು ಉಳಿಯುತ್ತಿತ್ತು. ದೇವಪ್ಪನ ಬಾಯಿ ಸುಮ್ಮನಿರಲಿಲ್ಲ.

"ಅದು ನಡೂಗೇ ನಿಲ್ಬೇಕು, ಮಾರಾಯ. ಮುಂಚೆ ಮಲ್ಗಿದ್ದೇ ರೋಗ. ವಾಲ್ವ್ ಇರ್ಲಿಲ್ಲ, ಈಗ ಹಾಕ್ಸಿದೆ. ಬೇಕಾದ್ರೆ ರಾಜೇಶನ್ನ ಕೇಳು."

"ಎದ್ರೆ ಗಾಡಿ ಕತೆ ಮುಗೀತು ಅಂತ ಹೇಳ್ದವ್ರು ಯಾರು? ನೀವೇ ಅಲ್ದಾ? ಮಾರೂಕೆ ಅಂತ ಈಗ ಮಾತು ತಿರುಗ್ಸೂದು ಬೇಡ. ನಂಗೆ ಬೇಡ ಈ ಗಾಡಿ."

ದೇವಪ್ಪ ಇನ್ನೊಮ್ಮೆ ವಿವರಿಸಿದ, ಹಂಡೆ, ಒಲೆ, ತಣ್ಣೀರು ಎಲ್ಲ ಹೇಳಿದ. ಉಮೇಶ ಕೈ ಅಡ್ಡ ಆಡಿಸಿ ಕುಮಟೆಯ ಬಸ್ಸು ಹತ್ತಿಯೇಬಿಟ್ಟ.

ಬಸ್ಸು ಮರೆಯಾಗುವವರೆಗೆ ನೋಡಿ ದೇವಪ್ಪ ಬಾನೆಟ್ ಮೇಲೆ ಕೈಯಿಟ್ಟ. ಬಿಸಿಯಾಗಿತ್ತು. ಕೈ ತೆಗೆಯಲಿಲ್ಲ. ಕಾರು ತನ್ನದಾಗಿಯೇ ಉಳಿಯಿತೆಂಬ ಸಂತೋಷಕ್ಕೆ ಕಣ್ಣು ತುಂಬಿ ಬಂತು.

ಸುಚಿತಾ ಜಗಲಿಯಿಂದ ಇಳಿದು ಬಂದು ಮುಖ ನೋಡಿದಳು. "ಎಂತ ಆಯ್ತು, ಕಣ್ಣು ಕೆಂಪಾಗಿದ್ಯಲ್ಲ?"

"ಉಷ್ಣ," ಎಂದ ದೇವಪ್ಪ.