ಮಾಸ್ತರರು ಮಸಿಯಲ್ಲಿ ಬರೆದ ಅಂಕಿ

ನಮ್ಮ ಮಾಸ್ತರರ ಬಲ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಉಗುರಿನಿಂದಲೇ ಪತ್ರಿಕೆಯ ಮಡಿಕೆಯನ್ನು ಒತ್ತಿ, ಬೇಕಾದ ಸುದ್ದಿಯನ್ನು ಕತ್ತರಿಯಿಲ್ಲದೆ ನೇರವಾಗಿ ಹರಿಯುತ್ತಿದ್ದರು. ನಾನು ಕೊನೆಯ ಸಲ ಅವರ ಮನೆಗೆ ಹೋದ ಸಂಜೆಯೂ ಅದೇ ಕೆಲಸ ನಡೆದಿತ್ತು.

ನಮ್ಮೂರು ಮಣ್ಣೂರಿಗೆ ಪತ್ರಿಕೆಗಳು ಭೀಮಾ ಹೊಳೆಯ ಆಚೆ ದಂಡೆಯಿಂದ, ಬೆಲ್ಲಕ್ಕೆ ಸುತ್ತಿದ ಕಾಗದವಾಗಿ ದೋಣಿಯಲ್ಲಿ ಬರುತ್ತಿದ್ದವು. ಮಾಸ್ತರರು ಹುಡುಕುತ್ತಿದ್ದುದು ಒಂದೇ ಸುದ್ದಿ: ಯಾವ ದೇಶದ ಜೈಲುಗಳಲ್ಲಿ ಎಷ್ಟು ಜನ. ಇಂಗ್ಲೆಂಡ್, ಜರ್ಮನಿ, ಅಮೆರಿಕ, ಜಪಾನ್, ಒಂದೊಂದಕ್ಕೂ ವಹಿಯಲ್ಲಿ ಒಂದು ಪುಟ, ವರ್ಷಕ್ಕೊಂದು ಸಾಲು. ದೊಡ್ಡ ದೇಶದಲ್ಲಿ ಕೈದಿಗಳೂ ಹೆಚ್ಚಿರುತ್ತಾರೆ, ಲಕ್ಷ ಜನಕ್ಕೆ ಎಷ್ಟೆಂದು ಭಾಗಿಸಿ ನೋಡಬೇಕು ಎನ್ನುತ್ತಿದ್ದರು. ಎರಡು ಪತ್ರಿಕೆಗಳಲ್ಲಿ ಒಂದೇ ಅಂಕಿ ಕಾಣುವವರೆಗೆ ಸೀಸದ ಕಡ್ಡಿಯಲ್ಲೇ ಬರೆದಿಡುತ್ತಿದ್ದರು. ಕಂಡ ಮೇಲೆ ಮಸಿ.

ಶಾಲೆಯಲ್ಲಿ ನಮಗೊಮ್ಮೆ ಹೇಳಿದ್ದರು: “ಜೈಲು ಎರಡು ಪಟ್ಟು ತುಂಬಿತಂದ್ರ ಕಳ್ಳರು ಎರಡು ಪಟ್ಟು ಆದ್ರಂತಲ್ಲೋ. ಆಳಾವ್ರು ಯಾರಿಗೆ ಅಂಜಾಕತ್ತಾರ, ಅದನ್ನ ಕೇಳು.”

ನಾನು ಅವರ ಮನೆಗೆ ಹೋದ ಆ ಸಂಜೆ ನಿಜಾಮರ ಆಳ್ವಿಕೆಯ ಕೊನೆಯ ವರ್ಷದ್ದು. ಪೊಲೀಸರು ಹಿಡಿದೊಯ್ಯುತ್ತಾರೆಂದು ಹೆದರಿ ಊರಿನ ಹಲವರು ಹೊಳೆ ದಾಟಿ ನಿಜಾಮರ ಸೀಮೆಯಾಚೆ ಹೋಗಿದ್ದರು. ಮಾಸ್ತರರ ಮನೆಯಲ್ಲೂ ಗಂಟು ಕಟ್ಟಿತ್ತು, ಹೋಗುವುದೋ ಇರುವುದೋ ತೀರ್ಮಾನವಾಗಿರಲಿಲ್ಲ. ನಾನಾಗ ತಾಲೂಕಿನ ಜೈಲಿನಲ್ಲಿ ಕಾರಕೂನ. ಆ ನೌಕರಿಗೆ ಅರ್ಜಿ ಬರೆದುಕೊಟ್ಟವರೂ ಅವರೇ. ಹೋದ ವರ್ಷ ಒಳಗೆಷ್ಟು ಜನ, ಈಗೆಷ್ಟು, ಅಷ್ಟು ಹೇಳು, ಹೆಸರು ಬೇಡ ಎಂದರು.

ಒಳಗೆ ಕಾಲು ಚಾಚಲು ಜಾಗವಿಲ್ಲದೆ ಜನ ಸರದಿಯ ಮೇಲೆ ಮಲಗುತ್ತಿದ್ದರು. ಹೊರಗೆ ಬಾಯಿಬಿಟ್ಟರೆ ನೌಕರಿ ಹೋದೀತೆಂದು ಜೈಲಿನ ಸಾಹೇಬರು ಅಂದು ಬೆಳಿಗ್ಗೆಯೇ ಎಚ್ಚರಿಸಿದ್ದರು. ನಾನು ಹೋದ ವರ್ಷದ ಅಂಕಿ ಹೇಳಿ, “ಈಗೂ ಅಷ್ಟೇ ಅದಾರ್ರಿ” ಎಂದೆ.

ಮಾಸ್ತರರು ಅದನ್ನು ಮಸಿಯಲ್ಲೇ ಬರೆದರು. ಇನ್ನೊಂದು ಕಡೆಯೂ ವಿಚಾರಿಸಬಹುದಲ್ಲ ಎಂದು ತೊದಲಿದೆ.

“ನೀ ಹೇಳಿದ ಮ್ಯಾಲ ಮತ್ತ್ಯಾರಿಗೆ ಕೇಳ್ಲಿ?” ಎಂದು ನಕ್ಕು, ಗಂಟು ಬಿಚ್ಚಲು ಹೆಂಡತಿಗೆ ಹೇಳಿದರು.

ಮರುದಿನ ಅವರನ್ನು ಹಿಡಿದು ತಂದರು. ಹೆಸರು ಬರೆದುಕೊಳ್ಳಬೇಕಾದವನು ನಾನು. ತೆರೆದ ಬಾಗಿಲಿನಿಂದ ಅವರು ಒಳಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಮನ್ಯಾಗ ಹೇಳಬ್ಯಾಡಪ್ಪ, ಇಲ್ಲಿ ಹಿಂಗದ ಅಂತ.”

ಹನ್ನೊಂದನೆಯ ದಿನ ಜ್ವರದಲ್ಲಿ ತೀರಿಕೊಂಡರು.

ಈಗಲೂ ನಾನು ಮಣ್ಣೂರಿಗೆ ಹೋದರೆ ಅವರ ಹೆಂಡತಿ ಬಿಸಿ ರೊಟ್ಟಿ ಬಡಿದು ಹಾಕುತ್ತಾರೆ. ಒಳಗೆ ನೀನಿದ್ದಿ ಎಂದೇ ನನಗೆ ಧೈರ್ಯವಿತ್ತು ಎನ್ನುತ್ತಾರೆ. ತಲೆ ತಗ್ಗಿಸಿ ಉಣ್ಣುತ್ತೇನೆ. ಮಾಸ್ತರರ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೇನೆ ಎಂದುಕೊಂಡರೆ ಅದೂ ಸುಳ್ಳೇ. ಅವರು ಊರಲ್ಲಿ ಉಳಿದದ್ದು ನನ್ನ ಮಾತು ನಂಬಿ ಎಂದು ಆಕೆಗೆ ನಾನು ಇನ್ನೂ ಹೇಳಿಲ್ಲ.