ಹರಕೆಯಲ್ಲದ ಓಟ

ನಲವತ್ತೆಂಟನೆಯ ವಯಸ್ಸಿಗೆ ಬೂಟು ಹಾಕಿಕೊಂಡು, ಕುಷ್ಟಗಿಯಿಂದ ಹನುಮಸಾಗರದ ರಸ್ತೆ ಹಿಡಿದು ಓಡಲು ಶುರುಮಾಡಿದೆ. ಓಟವೆಂದರೆ ದೊಡ್ಡ ಮಾತಾಯಿತು. ಎಮ್ಮೆಗಳೂ ನನ್ನನ್ನು ಹಿಂದೆ ಹಾಕುತ್ತಿದ್ದವು. ಸಂಧಿವಾತದ ಸಂಶೋಧನೆಗೆ ಹಣ ಕೂಡಿಸಲು ಕೊಪ್ಪಳದಲ್ಲಿ ಕೆಲವು ವೈದ್ಯರು ಒಂದು ಓಟ ಇಟ್ಟಿದ್ದರು. ಓಡುವವರು ಗುರುತಿನವರಿಂದ ದೇಣಿಗೆ ತರಬೇಕು. ನಮ್ಮ ಓಣಿಯಲ್ಲೇ ಇರುವ ನನ್ನ ಅಕ್ಕನ ಬೆರಳುಗಳು ಆ ರೋಗಕ್ಕೆ ಸೊಟ್ಟಗಾಗಿ ವರ್ಷಗಳಾಗಿವೆ. ರೊಟ್ಟಿ ಬಡಿಯುವುದರಲ್ಲಿ ಹೆಸರಾದವಳು ಈಗ ಚಹಾದ ಕಪ್ಪನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿಯುತ್ತಾಳೆ.

ಹೆಣ್ಣುಮಗಳೊಬ್ಬಳು ಬೆಳ್ಳಂಬೆಳಿಗ್ಗೆ ರಸ್ತೆಯಲ್ಲಿ ಓಡಿದರೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಬೈಕು ನಿಲ್ಲಿಸಿ, ಯಾರು ತೀರಿಕೊಂಡರು ಎಂದು ಕೇಳಿದರು. ಹತ್ತಿಸಿಕೊಂಡು ಹೋಗುತ್ತೇವೆ ಎಂದರು. ಕೇಳಿ ಕೇಳಿ ಸಿಟ್ಟು ಬಂದು, ಅಕ್ಕನ ಕೈ ಸಲುವಾಗಿ ಓಡುತ್ತಿದ್ದೇನೆ ಎಂದುಬಿಟ್ಟೆ. ಅಷ್ಟೇ ಸಾಕಾಯಿತು, ಹರಕೆ ಹೊತ್ತಿದ್ದೇನೆಂದು ತಿಳಿದರು. ಪಾದಯಾತ್ರೆಯವರಿಗೆ ಮಾಡುವಂತೆ ಬೂಟಿನ ಮೇಲೆಯೇ ನೀರು ಸುರಿದರು, ಬಾಳೆಹಣ್ಣು ಕೊಟ್ಟರು. ಚಹಾದಂಗಡಿಯ ಮುದುಕಿಯೊಬ್ಬಳು, ಕಾಲಲ್ಲಿ ಬೂಟು ಮೆಟ್ಟಿದ ಹರಕೆ ದೇವರಿಗೆ ಮುಟ್ಟುವುದಿಲ್ಲ, ಬಿಚ್ಚಿ ಓಡು ಎಂದು ಗದರಿದಳು. ಇದು ಹರಕೆಯಲ್ಲವೆಂದು ಹೇಳಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಸುದ್ದಿ ಅಕ್ಕನ ಕಿವಿಗೂ ಬಿತ್ತು. ನಾನು ಓಡಿ ಬರುವ ಹೊತ್ತಿಗೆ ಅವಳು ದಿನಾ ಬಾಗಿಲಲ್ಲಿ ಕೂತಿರುತ್ತಿದ್ದಳು. ಕಾಲು ನೋಯುತ್ತವೆಯೇ ಎಂದು ಕೇಳಿ, ನನಗೆ ಬಿಸಿನೀರು ಕಾಯಿಸಿಡಲು ತನ್ನ ಮಗಳಿಗೆ ಹೇಳುತ್ತಿದ್ದಳು. ಕೈ ನೆಟ್ಟಗಾಗುತ್ತವೆಂದು ನಂಬಿಬಿಟ್ಟಳೇ? ಇಲ್ಲದ ಆಸೆ ಹಚ್ಚಿದ ಪಾಪ ಯಾರಿಗೆ? ಓಟದ ಹಿಂದಿನ ದಿನ ಧೈರ್ಯ ಮಾಡಿ ಹೇಳಿದೆ.

"ಅಕ್ಕಾ, ಈ ರೊಕ್ಕದಿಂದ ನಿನ್ನ ಕೈ ಛಲೋ ಆಗೂದಿಲ್ಲ. ಔಷಧ ಹುಡುಕಾಕ ಭಾಳ ವರ್ಷ ಬೇಕು."

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಒಳಗೆ ಹಿಟ್ಟು ನಾದುತ್ತಿದ್ದ ಮಗಳ ಕಡೆ ನೋಡಿ ದನಿ ತಗ್ಗಿಸಿದಳು.

"ಅಷ್ಟು ನನಗ ತಿಳಿಯಂಗಿಲ್ಲೇನು? ನಂದು ಮುಗೀತು ಬಿಡು. ಈಗ ಆಕಿ ಬೆರಳೂ ಮುಂಜಾನೆ ಬಗ್ಗವಲ್ವು. ಲಗ್ನದ ಹುಡುಗಿ, ಅದಕ್ಕ ಯಾರ ಮುಂದೂ ಹೇಳಿಲ್ಲ. ನೀ ಓಡು."

ಮರುದಿನ ಕೊಪ್ಪಳದಲ್ಲಿ ಎಲ್ಲರಿಗಿಂತ ಕೊನೆಗೆ ಮುಟ್ಟಿದೆ. ದಾರಿಯುದ್ದಕ್ಕೂ ಅತ್ತಿದ್ದೆ, ಉಸಿರು ಸಾಲಲಿಲ್ಲ. ನೀರು ಕೂಡ ಕುಡಿಯದೆ ಅಲ್ಲಿದ್ದ ವೈದ್ಯರ ಬಳಿ ಹೋಗಿ, ನನ್ನ ಮಗಳನ್ನು ನಾಳೆಯೇ ಕರೆತರುತ್ತೇನೆ, ನೀವು ನೋಡಬೇಕು ಎಂದೆ. ಅಕ್ಕನ ಮಗಳು ಎನ್ನಲು ಬಾಯಿ ಬರಲಿಲ್ಲ.