ಸೇವಕನ ಪಾತ್ರಕ್ಕೆ ಬಂದ ‘ಒನ್ಸ್ ಮೋರ್’

ನಾನು ಅಮೆರಿಕದ ರಾಕ್‌ವಿಲ್‌ನಲ್ಲಿದ್ದ ವರ್ಷಗಳಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ವೃದ್ಧ ಇಂಗ್ಲಿಷ್ ನಟರೊಬ್ಬರು ವಾಸವಾಗಿದ್ದರು. ಲಂಡನ್ನಿನ ರಂಗಭೂಮಿಯಲ್ಲೂ ಬಳಿಕ ಚಲನಚಿತ್ರಗಳಲ್ಲೂ ಜೀವಮಾನವಿಡೀ ಚಿಕ್ಕ ಪಾತ್ರಗಳನ್ನೇ ಮಾಡಿದವರು: ಬಾಗಿಲು ತೆರೆಯುವ ಸೇವಕ, ತೀರ್ಪು ಓದುವ ನ್ಯಾಯಾಧೀಶ, ಕೆಟ್ಟ ಸುದ್ದಿ ತರುವ ವೈದ್ಯ. ಅಂಗಡಿಯಲ್ಲಿ ಯಾರಾದರೂ ಅವರನ್ನು ದಿಟ್ಟಿಸಿ, ನೀವು ನನ್ನ ಹಲ್ಲಿನ ಡಾಕ್ಟರಲ್ಲವೇ ಎಂದು ಕೇಳುವುದಿತ್ತು. ಅವರು ಹೌದೆಂದು ಹೇಳಿ, ಸಿಹಿ ಕಡಿಮೆ ಮಾಡಲು ಸಲಹೆ ಕೊಟ್ಟು ಬರುತ್ತಿದ್ದರು.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಚೇರಿಯ ಸಭೆಗಳಲ್ಲಿ ಬಾಯಿ ತೆರೆಯಲು ಅಂಜುತ್ತಿದ್ದ ನನಗೆ ಅವರು ಸಂಜೆ ಪಾಠ ಹೇಳುತ್ತಿದ್ದರು. “ವಾಕ್ಯ ಸರಿಯಿದ್ದರೆ ಸಾಲದು. ನೀನು ಅದನ್ನು ನಂಬಿದಂತೆ ಹೇಳಬೇಕು, ಆಗ ಕೇಳುವವನೂ ನಂಬುತ್ತಾನೆ,” ಎನ್ನುತ್ತಿದ್ದರು.

ಅಟ್ಲಾಂಟಾದ ಚಿತ್ರೀಕರಣವೊಂದರಲ್ಲಿ ಅವರಿಗೆ ಒಂದು ಮಾತು ಮರೆತುಹೋಗಿತ್ತು. ‘ಒನ್ಸ್ ಮೋರ್, ಒನ್ಸ್ ಮೋರ್’ ಎಂದು ನಿರ್ದೇಶಕರು ಹೇಳುತ್ತಲೇ ಇದ್ದರಂತೆ. ಮಧ್ಯಾಹ್ನದ ಹೊತ್ತಿಗೆ ನ್ಯಾಯಾಧೀಶರ ನಿಲುವಂಗಿ ಬೇರೊಬ್ಬರ ಮೈಮೇಲಿತ್ತು. ಆಮೇಲೆ ಕರೆ ಬರಲಿಲ್ಲ.

ಆ ವರ್ಷ ನಮ್ಮ ಕನ್ನಡ ಬಳಗದ ದೀಪಾವಳಿ ಕಾರ್ಯಕ್ರಮದಲ್ಲಿ ಒಂದು ನಾಟಕ ರದ್ದಾಯಿತು. “ಆ ಅಂಕಲ್‌ನ ಕರ್ಕೊಂಡ್ ಬನ್ನಿ, ಏನಾದ್ರೂ ಆಕ್ಟ್ ಮಾಡ್ಲಿ,” ಎಂದರು ಸಂಘಟಕಿ. ನಟರು ಬಹಳ ಹಿಂಜರಿದರು. ತಮ್ಮಿಂದ ಇನ್ನೂ ಆಗುತ್ತದೆಯೇ ಎಂಬುದನ್ನು ತಿಳಿಯಬೇಕೆಂದೇ ಕೊನೆಗೆ ಒಪ್ಪಿದರು. ಯಜಮಾನ ಸತ್ತ ಸುದ್ದಿಯನ್ನು ಬರಿದಾದ ಊಟದ ಮೇಜಿಗೆ ತಿಳಿಸುವ ಮುದಿ ಸೇವಕನ ಮಾತುಗಳನ್ನು ನಮ್ಮ ಅಡುಗೆಮನೆಯಲ್ಲಿ ದಿನವೂ ಅಭ್ಯಾಸ ಮಾಡಿದರು.

ಅಂದು ಶಾಲೆಯ ಸಭಾಂಗಣದಲ್ಲಿ ಒಂದು ಅಕ್ಷರವೂ ತಪ್ಪಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹುಬ್ಬಳ್ಳಿ ಕಡೆಯ ಡಾಕ್ಟರೊಬ್ಬರು ಕಣ್ಣೊರೆಸಿಕೊಳ್ಳುತ್ತ ಎದ್ದುನಿಂತರು.

“ಭಾರಿ ಮಾಡಿದ್ರಿ ಅಜ್ಜಾರ! ಒನ್ಸ್ ಮೋರ್!”

ಸಭೆಯೆಲ್ಲ ದನಿಗೂಡಿಸಿತು. ಕಂಪನಿ ನಾಟಕಗಳನ್ನು ನೋಡಿ ಬೆಳೆದ ನಮ್ಮವರಲ್ಲಿ ನಟನಿಗೆ ಅದಕ್ಕಿಂತ ದೊಡ್ಡ ಮರ್ಯಾದೆಯಿಲ್ಲ. ಆದರೆ ವೇದಿಕೆಯ ಮೇಲೆ ಅವರು ಸೇವಕನ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಎಲ್ಲಿ ತಪ್ಪಿತು ಎಂಬಂತೆ, ಪರದೆಯ ಪಕ್ಕದಲ್ಲಿ ನಿಂತಿದ್ದ ನನ್ನ ಕಡೆ ನೋಡಿದರು. ನಾನು ನಗುತ್ತ ತಲೆಯಾಡಿಸಿದೆ. ಕ್ಷಮೆ ಕೇಳುವವರಂತೆ ಬಾಗಿ, ಮೊದಲಿನಿಂದ ಆರಂಭಿಸಿದರು. ಸ್ವಲ್ಪ ಹೊತ್ತಿನಲ್ಲೇ ಮಾತು ನಿಂತಿತು. ಮತ್ತೆ ಬರಲಿಲ್ಲ. ಜನ ಆಗಲೂ ಚಪ್ಪಾಳೆ ತಟ್ಟಿದರು.

ಹಿಂತಿರುಗುವಾಗ ಕಾರಿನಲ್ಲಿ ನಾನು ಆ ‘ಒನ್ಸ್ ಮೋರ್’ ಪದ್ಧತಿಯನ್ನು ವಿವರಿಸಿದೆ. ರಂಗಗೀತೆಗಳು, ಮತ್ತೆ ಮತ್ತೆ ಹಾಡಿಸಿಕೊಳ್ಳುವ ಪ್ರೇಕ್ಷಕರು, ಅದರ ಹಿಂದಿನ ಅಭಿಮಾನ, ಎಲ್ಲವನ್ನೂ ನನಗೆ ಬಂದಷ್ಟು ಶುದ್ಧವಾದ ಇಂಗ್ಲಿಷಿನಲ್ಲಿ ಹೇಳಿದೆ. ಅವರು ರಸ್ತೆಯನ್ನೇ ನೋಡುತ್ತಿದ್ದರು.

“ಚೆನ್ನಾಗಿ ಹೇಳಿದೆ,” ಎಂದರು. “ನಂಬಬೇಕೆನ್ನಿಸುವಷ್ಟು ಚೆನ್ನಾಗಿ.”

ಅವರು ಮತ್ತೆ ಯಾವ ವೇದಿಕೆಯನ್ನೂ ಹತ್ತಲಿಲ್ಲ. ನನ್ನ ಕಚೇರಿ ಸಭೆಯ ಮಾತುಗಳನ್ನು ಮಾತ್ರ, ಹಾಸಿಗೆ ಹಿಡಿದ ಮೇಲೂ, ಕಣ್ಣು ಮುಚ್ಚಿಕೊಂಡು ತಿದ್ದುತ್ತಿದ್ದರು.